ಅಮೆರಿಕ ಸೇನೆ ಸಣ್ಣ ಕಂಪನಿಗಳಿಂದ ‘ರೋಗಾಣು ಅಸ್ತ್ರ’ ಮಾಡಿಸುತ್ತಿದೆಯೇ? ಫಾರ್ವರ್ಡ್ ಹೇಳದ ಅರ್ಧ ಕಥೆ

“ಅಮೆರಿಕದ ರಕ್ಷಣಾ ಇಲಾಖೆ ಸಣ್ಣ ಸಣ್ಣ ಕಂಪನಿಗಳಿಗೆ ವಿಷಾನಿಲ, ರೋಗಾಣು, ಅಣು ವಿಕಿರಣದ ಸಂಶೋಧನೆಗೆ ಕೋಟಿಗಟ್ಟಲೆ ಹಣ ಕೊಡುತ್ತಿದೆ. ಮುಂದಿನ ಮಹಾಮಾರಿ ತಯಾರಾಗುತ್ತಿದೆ, ಎಲ್ಲರಿಗೂ ತಿಳಿಸಿ.” ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ಇದರಲ್ಲಿ ಹಣದ ಮಾತು ನಿಜ. ಮಹಾಮಾರಿಯ ಮಾತಿಗೆ ಆಧಾರವಿಲ್ಲ. ಇಂತಹ ಹಣದ ನೆರವಿನಿಂದ ಬೆಳೆದ ಒಂದು ಯಂತ್ರ ಇವತ್ತು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೇ ಕ್ಷಯರೋಗ ಪತ್ತೆ ಮಾಡುತ್ತಿದೆ. ಆ ಕಥೆ ಮಾತ್ರ ಫಾರ್ವರ್ಡ್‌ನಲ್ಲಿ ಇರುವುದಿಲ್ಲ.

ಹಣ ಕೊಡುವುದು ಹೌದೇ?

ಹೌದು, ಅದರಲ್ಲಿ ಗುಟ್ಟೇನೂ ಇಲ್ಲ. ಅಮೆರಿಕದಲ್ಲಿ 1982ರಲ್ಲಿ ಒಂದು ಕಾನೂನು ಬಂತು. ಹೊರಗಿನವರಿಂದ ದೊಡ್ಡ ಪ್ರಮಾಣದಲ್ಲಿ ಸಂಶೋಧನೆ ಮಾಡಿಸುವ ಸರ್ಕಾರಿ ಇಲಾಖೆಗಳು ಆ ಹಣದ ಒಂದು ಪಾಲನ್ನು ಸಣ್ಣ ಕಂಪನಿಗಳಿಗೇ ಮೀಸಲಿಡಬೇಕು ಎಂಬುದು ಅದರ ತಿರುಳು. ಈ ಯೋಜನೆಯ ಹೆಸರು ಎಸ್‌ಬಿಐಆರ್. ಗರಿಷ್ಠ 500 ನೌಕರರಿರುವ ಕಂಪನಿಗಳು ಅರ್ಜಿ ಹಾಕಬಹುದು. ಮೊದಲ ಹಂತದಲ್ಲಿ ಕಲ್ಪನೆ ಕೆಲಸ ಮಾಡುತ್ತದೆಯೇ ಎಂದು ತೋರಿಸಲು ಸ್ವಲ್ಪ ಹಣ, ಎರಡನೇ ಹಂತದಲ್ಲಿ ಮಾದರಿ ತಯಾರಿಸಲು ಹೆಚ್ಚು ಹಣ. ಮೂರನೇ ಹಂತದಲ್ಲಿ ಈ ಯೋಜನೆಯ ಹಣ ಸಿಗುವುದಿಲ್ಲ, ವಸ್ತುವನ್ನು ಮಾರುಕಟ್ಟೆಗೆ ಒಯ್ಯುವ ಹೊಣೆ ಕಂಪನಿಯದ್ದು.

ರಕ್ಷಣಾ ಇಲಾಖೆಯಲ್ಲಿ ರಾಸಾಯನಿಕ ಮತ್ತು ಜೈವಿಕ ರಕ್ಷಣೆಗೆಂದೇ ಇದರ ಒಂದು ವಿಭಾಗವಿದೆ. ಗಾಳಿಯಲ್ಲಿ ವಿಷ ಸೇರಿದರೆ ಎಚ್ಚರಿಸುವ ಸಾಧನ, ಮುಖವಾಡದ ಫಿಲ್ಟರ್, ಬಟ್ಟೆ ಮತ್ತು ವಾಹನದ ಮೇಲೆ ಬಿದ್ದ ವಿಷ ತೊಳೆಯುವ ದ್ರವ, ರೋಗ ಪತ್ತೆ ಕಿಟ್, ಲಸಿಕೆ ಇಂಥವು ಅಲ್ಲಿನ ವಿಷಯಗಳು. ಯಾವ ವಿಷಯಕ್ಕೆ ಅರ್ಜಿ ಕರೆದಿದ್ದಾರೆ, ಯಾರಿಗೆ ಹಣ ಸಿಕ್ಕಿತು ಎಂಬ ಪಟ್ಟಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು.

ಸಣ್ಣ ಕಂಪನಿಗಳೇ ಏಕೆ?

ಆಂಥ್ರಾಕ್ಸ್ ದಾಳಿ ಪತ್ತೆ ಮಾಡುವ ಯಂತ್ರವನ್ನು ಅಂಗಡಿಯಲ್ಲಿ ಯಾರೂ ಕೊಳ್ಳುವುದಿಲ್ಲ. ಲಾಭವಿಲ್ಲದ ಕಡೆ ದೊಡ್ಡ ಕಂಪನಿಗಳು ಕೈ ಹಾಕುವುದು ಕಡಿಮೆ. ಹೊಸ ಕಲ್ಪನೆಯಿರುವ ಸಣ್ಣ ಕಂಪನಿಗೆ ಆಸಕ್ತಿ ಇರುತ್ತದೆ, ಆದರೆ ಸೋತರೆ ತಡೆದುಕೊಳ್ಳುವ ಬಂಡವಾಳ ಇರುವುದಿಲ್ಲ. ಆ ನಷ್ಟದ ಭಯವನ್ನು ಸರ್ಕಾರ ಸ್ವಲ್ಪ ಹೊತ್ತುಕೊಳ್ಳುತ್ತದೆ.

ಅಂಚೆ ಕಚೇರಿಯಿಂದ ಆಸ್ಪತ್ರೆಗೆ

2001ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಅಮೆರಿಕದ ಕೆಲವು ಸುದ್ದಿ ಸಂಸ್ಥೆಗಳಿಗೆ ಮತ್ತು ಇಬ್ಬರು ಸೆನೆಟರ್‌ಗಳಿಗೆ ಆಂಥ್ರಾಕ್ಸ್ ಪುಡಿ ತುಂಬಿದ ಪತ್ರಗಳು ಹೋದವು. 22 ಮಂದಿಗೆ ರೋಗ ತಗುಲಿ, 5 ಮಂದಿ ಸತ್ತರು. ಸತ್ತವರಲ್ಲಿ ಇಬ್ಬರು ವಾಷಿಂಗ್ಟನ್‌ನ ಅಂಚೆ ನೌಕರರು. ಪತ್ರ ವಿಂಗಡಿಸುವ ಯಂತ್ರ ಲಕೋಟೆಯನ್ನು ಒತ್ತಿದಾಗ ಕಾಗದದ ರಂಧ್ರಗಳಿಂದಲೇ ಪುಡಿ ಹೊರಬಂದು ಗಾಳಿಗೆ ಸೇರಿತ್ತು. ಬೇಗ ಗೊತ್ತಾದರೆ ಆಂಥ್ರಾಕ್ಸ್‌ಗೆ ಆಂಟಿಬಯಾಟಿಕ್ ಇದೆ. ಅಲ್ಲಿ ಗೊತ್ತಾಗುವುದೇ ತಡವಾಯಿತು.

ಆ ವೇಳೆಗೆ ಕ್ಯಾಲಿಫೋರ್ನಿಯಾದಲ್ಲಿ ಸೆಫೀಡ್ ಎಂಬ ಸಣ್ಣ ಕಂಪನಿ ಇತ್ತು. 1996ರಲ್ಲಿ ಶುರುವಾದದ್ದು. ಲಾರೆನ್ಸ್ ಲಿವರ್‌ಮೋರ್ ಎಂಬ ಸರ್ಕಾರಿ ಪ್ರಯೋಗಾಲಯದ ತಂತ್ರಜ್ಞಾನ ಮತ್ತು ರಕ್ಷಣಾ ವಲಯದ ಸಂಶೋಧನಾ ಹಣ ಅದರ ಮೊದಲ ವರ್ಷಗಳ ಆಸರೆಯಾಗಿದ್ದವು. ರೋಗಾಣುವಿನ ಡಿಎನ್‌ಎಯನ್ನು ಬೇಗ ಪತ್ತೆ ಮಾಡುವ ಪುಟ್ಟ ಯಂತ್ರ ಅದರ ಗುರಿ. ಪತ್ರ ದಾಳಿಯ ನಂತರ ಅಮೆರಿಕದ ಅಂಚೆ ಕೇಂದ್ರಗಳಲ್ಲಿ ಗಾಳಿ ಪರೀಕ್ಷಿಸುವ ವ್ಯವಸ್ಥೆ ಬಂತು. ಅದರೊಳಗೆ ಸೆಫೀಡ್‌ನ ಜೀನ್‌ಎಕ್ಸ್‌ಪರ್ಟ್ ತಂತ್ರಜ್ಞಾನವಿತ್ತು.

ಅದೇ ತಂತ್ರಜ್ಞಾನಕ್ಕೆ ಬೇರೆ ಕಾರ್ಟ್ರಿಡ್ಜ್ ಹಾಕಿ ಕ್ಷಯರೋಗದ ಪರೀಕ್ಷೆ ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಅದಕ್ಕೆ ಶಿಫಾರಸು ನೀಡಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸಿಬಿನ್ಯಾಟ್’ ಎಂದು ಕರೆಯುವ ಕಫ ಪರೀಕ್ಷೆ ಇದೇ. ಇಲ್ಲಿರುವ ‘ಸಿಬಿ’ ಅಕ್ಷರಗಳಿಗೆ ಕಾರ್ಟ್ರಿಡ್ಜ್ ಆಧಾರಿತ ಎಂದಷ್ಟೇ ಅರ್ಥ. ಕೆಮಿಕಲ್, ಬಯಾಲಾಜಿಕಲ್ ಎಂದಲ್ಲ.

ಯಂತ್ರದೊಳಗೆ ಏನಾಗುತ್ತದೆ?

ಕಫವನ್ನು ದ್ರವದಲ್ಲಿ ಬೆರೆಸಿ ಕಾರ್ಟ್ರಿಡ್ಜ್‌ಗೆ ಹಾಕುತ್ತಾರೆ. ಯಂತ್ರ ರೋಗಾಣುಗಳನ್ನು ಸೋಸಿ, ಶಬ್ದದ ಅಲೆಗಳಿಂದ ಒಡೆದು, ಡಿಎನ್‌ಎಯನ್ನು ಹೊರತೆಗೆಯುತ್ತದೆ. ನಂತರ ಬಿಸಿ ಮಾಡಿ ತಣಿಸುತ್ತದೆ. ಹೀಗೆ ಮಾಡಿದ ಪ್ರತಿ ಸಲವೂ ಹುಡುಕುತ್ತಿರುವ ಡಿಎನ್‌ಎ ತುಣುಕು ಎರಡರಷ್ಟಾಗುತ್ತದೆ. ಒಂದು ತುಣುಕು 30 ಸುತ್ತಿನಲ್ಲಿ 100 ಕೋಟಿಗೂ ಹೆಚ್ಚಾಗಬಲ್ಲದು. ಅಷ್ಟಾದಾಗ ಅದಕ್ಕೆ ಅಂಟಿಸಿದ ಬಣ್ಣದ ಬೆಳಕನ್ನು ಯಂತ್ರ ಗುರುತಿಸುತ್ತದೆ.

ಸೂಕ್ಷ್ಮದರ್ಶಕದಲ್ಲಿ ಕ್ಷಯ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಾರು ರೋಗಾಣುಗಳಿರಬೇಕು. ಈ ಯಂತ್ರಕ್ಕೆ ಸುಮಾರು 130 ಸಾಕು. ಸುಮಾರು ಎರಡು ಗಂಟೆಯಲ್ಲಿ ಫಲಿತಾಂಶ ಬರುತ್ತದೆ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಿ ಕೆಲಸ ಮಾಡುತ್ತದೆಯೇ ಎಂಬುದೂ ತಿಳಿಯುತ್ತದೆ. ಮೊದಲು ಅದನ್ನು ತಿಳಿಯಲು ರೋಗಾಣು ಬೆಳೆಸಿ ವಾರಗಟ್ಟಲೆ ಕಾಯಬೇಕಿತ್ತು.

ಹಾಗಾದರೆ ಅನುಮಾನವೇ ತಪ್ಪೇ?

ಅಲ್ಲ. ರಕ್ಷಣೆಗೆಂದು ಕಲಿತದ್ದನ್ನು ದಾಳಿಗೂ ಬಳಸಲು ಸಾಧ್ಯ. 2001ರ ಪತ್ರಗಳ ತನಿಖೆ ಮಾಡಿದ ಎಫ್‌ಬಿಐ ಕೊನೆಗೆ ಬೊಟ್ಟು ಮಾಡಿದ್ದು ಸೇನೆಯದೇ ಜೈವಿಕ ರಕ್ಷಣಾ ಪ್ರಯೋಗಾಲಯದ ಒಬ್ಬ ವಿಜ್ಞಾನಿಯ ಕಡೆಗೆ. ಆರೋಪ ದಾಖಲಾಗುವ ಮೊದಲೇ, 2008ರಲ್ಲಿ, ಆತ ತೀರಿಕೊಂಡ. ವೈಜ್ಞಾನಿಕ ಸಾಕ್ಷ್ಯ ಒಂದರಿಂದಲೇ ಪುಡಿಯ ಮೂಲವನ್ನು ಖಚಿತವಾಗಿ ಹೇಳಲಾಗದು ಎಂದು ಅಮೆರಿಕದ ತಜ್ಞರ ಸಮಿತಿ 2011ರಲ್ಲಿ ಹೇಳಿತು.

ಇದಕ್ಕಾಗಿಯೇ ಅಂತಾರಾಷ್ಟ್ರೀಯ ಒಪ್ಪಂದಗಳಿವೆ. 1972ರ ಜೈವಿಕ ಅಸ್ತ್ರ ಒಪ್ಪಂದ ಮತ್ತು 1993ರ ರಾಸಾಯನಿಕ ಅಸ್ತ್ರ ಒಪ್ಪಂದ ಅಸ್ತ್ರ ತಯಾರಿಕೆಯನ್ನು ನಿಷೇಧಿಸುತ್ತವೆ, ರಕ್ಷಣೆಯ ಕೆಲಸಕ್ಕೆ ಅವಕಾಶ ಕೊಡುತ್ತವೆ. ಎರಡರಲ್ಲೂ ಭಾರತವಿದೆ. ನಮ್ಮಲ್ಲಿದ್ದ ರಾಸಾಯನಿಕ ಅಸ್ತ್ರಗಳನ್ನು 2009ರೊಳಗೆ ನಾಶ ಮಾಡಲಾಯಿತು. ಜೈವಿಕ ಅಸ್ತ್ರ ಒಪ್ಪಂದಕ್ಕೆ ಮಾತ್ರ ದೇಶಗಳಿಗೆ ಹೋಗಿ ತಪಾಸಣೆ ಮಾಡುವ ಸಂಸ್ಥೆ ಇಲ್ಲ. ಇದು ನಿಜವಾದ ಕೊರತೆ. ಆದರೆ ಹಣ ಕೊಟ್ಟಿದ್ದಾರೆ ಎಂಬುದಷ್ಟೇ ಅಸ್ತ್ರ ಮಾಡುತ್ತಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗದು.

ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಜನರ ತೆರಿಗೆ ಹಣದಿಂದ ಬೆಳೆದ ಪರೀಕ್ಷೆ ಬಡ ದೇಶಗಳಿಗೆ ಅಗ್ಗವಾಗಿ ಸಿಗುತ್ತಿದೆಯೇ? ಬಡ ದೇಶಗಳಿಗೆ ಈ ಕ್ಷಯ ಕಾರ್ಟ್ರಿಡ್ಜ್‌ನ ಬೆಲೆ 2012ರಿಂದ 9.98 ಡಾಲರ್ ಇತ್ತು. 5 ಡಾಲರ್‌ಗೆ ಕೊಡಿ ಎಂದು ಆರೋಗ್ಯ ಸಂಘಟನೆಗಳು ವರ್ಷಗಟ್ಟಲೆ ಒತ್ತಾಯಿಸಿದವು. 2023ರಲ್ಲಿ ಅದು 7.97 ಡಾಲರ್‌ಗೆ ಇಳಿಯಿತು.

ನಮ್ಮಲ್ಲಿ ಏನಿದೆ?

ರಾಸಾಯನಿಕ ಮತ್ತು ಜೈವಿಕ ರಕ್ಷಣೆಗೆ ಡಿಆರ್‌ಡಿಒದ ಪ್ರಯೋಗಾಲಯ ಗ್ವಾಲಿಯರ್‌ನಲ್ಲಿದೆ. ರಕ್ಷಣಾ ಕ್ಷೇತ್ರದ ಸ್ಟಾರ್ಟಪ್‌ಗಳಿಗೆ 2018ರಿಂದ ‘ಐಡೆಕ್ಸ್’ ಯೋಜನೆಯಲ್ಲಿ ನೆರವು ಸಿಗುತ್ತಿದೆ. ಸಣ್ಣ ಕಂಪನಿಯ ಕೈಚಳಕಕ್ಕೆ ಉದಾಹರಣೆ ಬೆಂಗಳೂರಿನಲ್ಲೂ ಇದೆ. ಬ್ಯಾಟರಿಯಲ್ಲಿ ನಡೆಯುವ ‘ಟ್ರೂನ್ಯಾಟ್’ ಕ್ಷಯ ಪರೀಕ್ಷೆಯನ್ನು ರೂಪಿಸಿದ್ದು ಇಲ್ಲಿನ ಬಿಗ್‌ಟೆಕ್ ಲ್ಯಾಬ್ಸ್, ತಯಾರಿಸುವುದು ಗೋವಾದ ಮೋಲ್ಬಯೋ. 2020ರಲ್ಲಿ ಇದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿತು. ಅದೇ ವರ್ಷ ಈ ಎರಡೂ ಬಗೆಯ ಯಂತ್ರಗಳನ್ನು ಕೋವಿಡ್ ಪತ್ತೆಗೂ ಬಳಸಿದರು.

ಫಾರ್ವರ್ಡ್ ಮಾಡುವ ಮೊದಲು

ಸಂದೇಶದಲ್ಲಿ ‘ಸೇನೆ’, ‘ವೈರಸ್’, ‘ಕೋಟಿ’ ಎಂಬ ಪದಗಳು ಒಟ್ಟಿಗೆ ಬಂದರೆ ಮೂರು ಪ್ರಶ್ನೆ ಕೇಳಿ. ಹಣ ಯಾವ ಕೆಲಸಕ್ಕೆ? ಆ ಕೆಲಸದಿಂದ ಬಂದ ವಸ್ತು ಯಾವುದು? ಹಣದಿಂದ ಅಸ್ತ್ರಕ್ಕೆ ಜಿಗಿಯುವ ಜಾಗದಲ್ಲಿ ಸಾಕ್ಷಿ ಇದೆಯೇ?

ಇಂತಹ ಸಂದೇಶ ನಂಬಿ ಒಬ್ಬರು ‘ಆ ಯಂತ್ರದ ಪರೀಕ್ಷೆ ಬೇಡ’ ಎಂದು ಹಿಂದೆ ಸರಿದರೆ ನಷ್ಟ ಅವರೊಬ್ಬರಿಗೇ ನಿಲ್ಲುವುದಿಲ್ಲ. ಶ್ವಾಸಕೋಶದ ಕ್ಷಯ ಮನೆಯವರಿಗೂ ಹರಡುತ್ತದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿಕೊಳ್ಳಿ. ಪರೀಕ್ಷೆಯೂ ಔಷಧಿಯೂ ಉಚಿತ. ಗ್ರೂಪಿಗೆ ಕಳುಹಿಸುವುದಿದ್ದರೆ ಈ ಮಾತನ್ನೇ ಕಳುಹಿಸಿ.