ಬಾಣಂತಿಯ ಮನಸ್ಸನ್ನೂ ವಿಚಾರಿಸೋಣ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಯಾವ ಹಳ್ಳಿಗೆ ಹೋದರೂ ಬಾಣಂತನವೆಂದರೆ ಆರೈಕೆಯ ಕಾಲ. ಎಣ್ಣೆನೀರು, ಬಿಸಿಯೂಟ, ಬೆಚ್ಚನೆಯ ಕೋಣೆ ಯಾವುದಕ್ಕೂ ಕೊರತೆಯಾಗದಂತೆ ಹಿರಿಯರು ನೋಡಿಕೊಳ್ಳುತ್ತಾರೆ. ಮಗುವಿನ ತೂಕವನ್ನೂ ತಾಯಿಯ ಹಾಲನ್ನೂ ಎಲ್ಲರೂ ವಿಚಾರಿಸುತ್ತಾರೆ. ಆದರೆ "ನಿನ್ನ ಮನಸ್ಸು ಹೇಗಿದೆ, ತಾಯಿ?" ಎಂದು ಕೇಳುವವರು ವಿರಳ.

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರಗಳೊಳಗೆ ಅದು ತಾನಾಗಿ ಶಮನವಾಗುತ್ತದೆ. ಆ ಅವಧಿ ಮೀರಿಯೂ ಖಿನ್ನತೆ, ನಿದ್ರಾಹೀನತೆ, ಮಗುವಿನ ಬಗ್ಗೆ ನಿರಾಸಕ್ತಿ ಉಳಿದರೆ ಅದು ರೋಗ. ಗೋವೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇಕಡ 23ರಷ್ಟು ತಾಯಂದಿರಲ್ಲಿ ಇಂತಹ ಖಿನ್ನತೆ ಕಂಡುಬಂದಿತು. ಬಡತನ, ಗಂಡನ ಹಿಂಸೆ, ಹೆಣ್ಣುಮಗುವೆಂಬ ಅಸಮಾಧಾನಗಳು ಅದಕ್ಕೆ ಪೋಷಕವಾಗಿದ್ದವು. ನಮ್ಮ ಜನ 'ಬಾಣಂತಿ ಸನ್ನಿ' ಎನ್ನುವ ಉನ್ಮಾದವು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಕಾಣುವಂಥದು. ಆದರೆ ಅದು ತಾಯಿ, ಮಗು ಇಬ್ಬರ ಪ್ರಾಣಕ್ಕೂ ಅಪಾಯ ತರಬಲ್ಲದು. ಆಗ ಒಂದು ದಿನವೂ ತಡಮಾಡದೆ ಆಸ್ಪತ್ರೆ ಸೇರಿಸಬೇಕು.

ಇಲ್ಲಿ ದೋಷವನ್ನೂ ರೋಗವನ್ನೂ ಬೇರ್ಪಡಿಸಿ ನೋಡುವುದು ಅಗತ್ಯ. ದೋಷ ಇಚ್ಛೆಯಿಂದ ಹುಟ್ಟುತ್ತದೆ, ರೋಗ ಹಾಗಲ್ಲ. ಬಳಲಿದ ತಾಯಿಯನ್ನು "ಮಗುವಿನ ಮೇಲೆ ಮಮತೆಯಿಲ್ಲದವಳು" ಎಂದು ಜರೆಯುವುದು ಜ್ವರ ಬಂದವನನ್ನು ಸೋಮಾರಿಯೆಂದು ಬೈದಂತೆ. ಪ್ರಾರ್ಥನೆ ಧೈರ್ಯ ನೀಡುತ್ತದೆ, ನಿಜ. ಅದನ್ನು ವೈದ್ಯರ ಬಳಿ ಹೋಗದಿರಲು ನೆಪ ಮಾಡಿಕೊಳ್ಳಬಾರದು.

ಈ ಕಾರ್ಯದಲ್ಲಿ ಆಶಾ ಕಾರ್ಯಕರ್ತೆಯರ ಸ್ಥಾನ ಹಿರಿದು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 42 ದಿನಗಳೊಳಗೆ ಆರು ಬಾರಿ ಅವರು ಭೇಟಿ ನೀಡಬೇಕೆಂಬ ನಿಯಮವಿದೆ. ಮಗುವನ್ನು ತೂಗುವಾಗಲೇ ತಾಯಿಯ ಮಾತಿಗೂ ಹತ್ತು ನಿಮಿಷ ಕೊಡಬಹುದು. 1987ರಲ್ಲಿ ಪ್ರಕಟವಾದ ಎಡಿನ್‌ಬರ್ಗ್ ಮಾಪಕದಲ್ಲಿರುವುದು ಹತ್ತೇ ಪ್ರಶ್ನೆಗಳು. ಕನ್ನಡದಲ್ಲಿಯೂ ಅದು ಬಳಕೆಯಲ್ಲಿದೆ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಕೇಳಿದರೆ ಆ ಯೋಚನೆ ಹುಟ್ಟೀತೆಂಬ ಅಂಜಿಕೆ ಬೇಡ. ಕೇಳುವುದರಿಂದಲೇ ಎಷ್ಟೋ ಜೀವಗಳಿಗೆ ಆಸರೆ ದೊರೆಯುತ್ತದೆ. ಅತ್ತೆ, ಗಂಡಂದಿರು ಹತ್ತಿರವಿಲ್ಲದ ವೇಳೆ ನೋಡಿ ಕೇಳುವುದು ಲೇಸು; ಬಳಿಕ, ತಾಯಿಯ ಒಪ್ಪಿಗೆ ಪಡೆದು, ಅವರಿಗೂ ತಿಳಿಹೇಳಬೇಕು.

ದಾದಿಯರೂ ವೈದ್ಯರೂ ಇನ್ನೆರಡು ಸಂಗತಿಗಳನ್ನು ತಿಳಿಸಿ ಹೇಳಬೇಕು. ಹಾಲೂಡಿಸುತ್ತಲೇ ಸೇವಿಸಬಹುದಾದ ಔಷಧಗಳಿವೆ. ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಬಾರದು. ಚಿಕಿತ್ಸೆಯೆಂದರೆ ಮಗುವನ್ನು ಅಗಲಿಸುವುದೆಂಬ ಭಯವೂ ಸಲ್ಲದು. ಮಾನಸಿಕ ಚಿಕಿತ್ಸಾಲಯದಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಮಗುವನ್ನು ಒಟ್ಟಿಗಿರಿಸಿಕೊಂಡು ಉಪಚರಿಸುವ ವಿಭಾಗವೇ ಇದೆ.

2022ರಲ್ಲಿ ಆರಂಭವಾದ ಟೆಲಿಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ತೊಟ್ಟಿಲ ಮಗುವನ್ನು ನೋಡಲು ಹೋಗುವ ನಾವೆಲ್ಲರೂ ಮಂಚದ ಮೇಲಿರುವ ತಾಯಿಯ ಪಕ್ಕದಲ್ಲಿಯೂ ಕ್ಷಣಕಾಲ ಕುಳಿತು ಅವಳ ಮಾತು ಕೇಳೋಣ.