ಮರಳುಗಾಡಿನ ಬಂಡೆಯ ಮೇಲೆ ನೀರಾನೆ

ಅಲ್ಜೀರಿಯಾದ ಆಗ್ನೇಯ ಮೂಲೆಯಲ್ಲಿ, ಲಿಬಿಯಾದ ಗಡಿಗೆ ಒತ್ತಿಕೊಂಡು, ಟಾಸಿಲಿ ನಾಜೆರ್ ಎಂಬ ಮರಳುಗಲ್ಲಿನ ಬೆಟ್ಟಸಾಲು ಹಬ್ಬಿದೆ. ಸಂರಕ್ಷಿತ ಪ್ರದೇಶವೇ ಸುಮಾರು 72,000 ಚದರ ಕಿಲೋಮೀಟರ್. ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ದೊಡ್ಡದು. ಸಹಾರಾದ ನಟ್ಟನಡುವಿನ ಈ ಒಣ ಸೀಮೆಯ ಬಂಡೆಗಳ ಮೇಲೆ ನೀರಾನೆ, ಮೊಸಳೆ, ಆನೆ, ಜಿರಾಫೆಗಳ ಚಿತ್ರಗಳಿವೆ. ಕರುಗಳ ಸಮೇತ ಮೇಯುವ ದನಗಳ ಮಂದೆಗಳಿವೆ. ಚಿತ್ರ, ಕೆತ್ತನೆ ಎರಡೂ ಸೇರಿ 15,000ಕ್ಕೂ ಹೆಚ್ಚು. ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು 1982ರಲ್ಲಿ.

ನೋಡಲು ಹೋಗುವವರು ಮೊದಲು ಜಾನೆಟ್ ಎಂಬ ಓಯಸಿಸ್ ಊರಿಗೆ ಬರಬೇಕು. ಅಲ್ಲಿಂದಾಚೆ ಮೇಲಿನ ಬಯಲಿಗೆ ಜೀಪು ಹತ್ತುವುದಿಲ್ಲ. ಹಾಸಿಗೆ, ಹಿಟ್ಟು, ನೀರು ಎಲ್ಲ ಕತ್ತೆಗಳ ಬೆನ್ನೇರುತ್ತವೆ. ಟುವಾರೆಗ್ ಜನಾಂಗದ ದಾರಿಗಾರರ ಹಿಂದೆ ಕಡಿದಾದ ಕಣಿವೆಗಳಲ್ಲಿ ನಡೆದೇ ಹತ್ತಬೇಕು. ಮೇಲೆ ಕಾಣುವುದು ಕಲ್ಲುಕಂಬಗಳ ಕಾಡು. ಸೆಫಾರ್ ಎಂಬಲ್ಲಂತೂ ಕಂಬಗಳ ನಡುವೆ ಓಣಿಗಳೇ ಇವೆ. ಒಂದು ಕಾಲದ ನೀರಹರಿವು ಮತ್ತು ಆಮೇಲಿನ ಗಾಳಿ ಬಂಡೆಗಳ ಬುಡವನ್ನು ಕೊರೆದು ಸೂರಿನಂಥ ಚಾಚುಗಳನ್ನು ಮಾಡಿಟ್ಟಿವೆ. ಬಿಸಿಲು ನೇರವಾಗಿ ತಾಗದ ಆ ನೆರಳಲ್ಲಿ ಚಿತ್ರಗಳು ಉಳಿದಿವೆ.

ಒಂದೇ ಗೋಡೆಯ ಮೇಲೆ ಒಂದರ ಮೇಲೊಂದು ಬರೆದ ಚಿತ್ರಗಳನ್ನು ಬಿಡಿಸಿ ನೋಡಿ ವಿದ್ವಾಂಸರು ಅವುಗಳಿಗೆ ಒಂದು ಅನುಕ್ರಮ ಹಾಕಿದ್ದಾರೆ. ಹಳೆಯ ಪದರದಲ್ಲಿ ಕಾಡುಪ್ರಾಣಿಗಳೂ ಮುಖಚಹರೆಯಿಲ್ಲದ ಗುಂಡುತಲೆಯ ಮನುಷ್ಯರೂ ಇದ್ದಾರೆ. ನಂತರ ದನಕರು, ಆಮೇಲೆ ಕುದುರೆ, ಕಟ್ಟಕಡೆಗೆ ಒಂಟೆ. ಪ್ರಾಣಿಗಳ ಈ ಸಾಲನ್ನು ಓದಿದರೆ ಸಾಕು, ಒಂದು ನಾಡು ಒಣಗಿದ ಕಥೆ ತಿಳಿಯುತ್ತದೆ.

ಒಣಗಿದ್ದೇಕೆ? ಅದಕ್ಕಿಂತ ಮೊದಲು ಅಲ್ಲಿ ಹಸಿರಿದ್ದುದಾದರೂ ಹೇಗೆ? ಕಾರಣ ಆಕಾಶದಲ್ಲಿದೆ. ವೇಗ ಕಳೆದುಕೊಂಡ ಬುಗುರಿಯ ಹಾಗೆ ಭೂಮಿಯ ಅಕ್ಷ ನಿಧಾನವಾಗಿ ಓಲಾಡುತ್ತದೆ. ಇದರಿಂದಾಗಿ ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವ ಋತು ಸುಮಾರು 20,000 ವರ್ಷಗಳ ಆವರ್ತದಲ್ಲಿ ಬದಲಾಗುತ್ತಾ ಹೋಗುತ್ತದೆ. ಈಗ ನಾವು ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿಯ ಮೊದಲ ವಾರದಲ್ಲಿ. ಸುಮಾರು 10,000 ವರ್ಷಗಳ ಹಿಂದೆ ಆ ಗಳಿಗೆ ಉತ್ತರಾರ್ಧಗೋಳದ ಬೇಸಿಗೆಯಲ್ಲಿ ಬರುತ್ತಿತ್ತು. ಆಗ ಉತ್ತರ ಆಫ್ರಿಕದ ನೆಲ ಹೆಚ್ಚು ಕಾದು, ಅಟ್ಲಾಂಟಿಕ್‌ನ ತೇವದ ಗಾಳಿಯನ್ನು ದೂರದ ಒಳನಾಡಿಗೂ ಎಳೆಯಿತು. ನಮ್ಮ ನೈಋತ್ಯ ಮಾರುತವೂ ಇದೇ ಕಾರಣಕ್ಕೆ ಆ ಕಾಲದಲ್ಲಿ ಇಂದಿಗಿಂತ ಬಲವಾಗಿತ್ತು. ಸಹಾರಾದಲ್ಲಿ ಹುಲ್ಲು ಚಿಗುರಿತು. ಹುಲ್ಲು ತೇವವನ್ನು ಹಿಡಿದಿಟ್ಟು ಇನ್ನಷ್ಟು ಮಳೆಗೆ ನೆರವಾಯಿತು. ಅಕ್ಷದ ಓಲಾಟ ಮುಂದುವರಿದಂತೆ ಬೇಸಿಗೆಯ ಬಿಸಿಲು ಕುಗ್ಗಿತು. 5,000 ವರ್ಷಗಳ ಹಿಂದಿನ ಹೊತ್ತಿಗೆ ಮಳೆ ದಕ್ಷಿಣಕ್ಕೆ ಸರಿದುಬಿಟ್ಟಿತ್ತು.

ಇದು ಬರೀ ಲೆಕ್ಕಾಚಾರವಲ್ಲ. ಪಶ್ಚಿಮ ಆಫ್ರಿಕದ ಕರಾವಳಿಯಾಚೆ ಕಡಲತಳದ ಕೆಸರನ್ನು ಕೊರೆದು ತೆಗೆದರೆ, ಹಸಿರು ಕಾಲದ ಪದರದಲ್ಲಿ ಸಹಾರಾದ ಧೂಳು ಕಡಿಮೆ, ಅದರ ಮೇಲಿನ ಪದರದಲ್ಲಿ ಹೆಚ್ಚು. ಇನ್ನೊಂದು ಸಾಕ್ಷಿ ಟಾಸಿಲಿಯ ಪಕ್ಕದಲ್ಲೇ, ಲಿಬಿಯಾದ ತಕರ್ಕೋರಿ ಎಂಬ ಕಲ್ಲಾಸರೆಯಲ್ಲಿ ಸಿಕ್ಕಿದೆ. ಅಲ್ಲಿನ ಸುಮಾರು 7,000 ವರ್ಷ ಹಳೆಯ ಮಡಕೆಚೂರುಗಳಲ್ಲಿ ಇಂಗಿದ್ದ ಹಾಲಿನ ಕೊಬ್ಬನ್ನು ವಿಜ್ಞಾನಿಗಳು ಗುರುತಿಸಿ 2012ರಲ್ಲಿ ಪ್ರಕಟಿಸಿದರು. ಬಂಡೆಯ ಮೇಲೆ ದನಗಳನ್ನು ಅಷ್ಟು ಅಕ್ಕರೆಯಿಂದ ಬರೆದವರು ಹಾಲು ಕರೆಯುತ್ತಿದ್ದವರ ಬಳಗದವರೇ ಇರಬೇಕು ಎಂಬ ಊಹೆಗೆ ಇದು ಬಲ ಕೊಡುತ್ತದೆ.

ಚಿತ್ರಗಳ ವಯಸ್ಸು ಹೇಳುವುದು ಮಾತ್ರ ಕಷ್ಟ. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡ್ ಇರುವ ಕಾವಿಮಣ್ಣು. ಅದರಲ್ಲಿ ಇಂಗಾಲವಿಲ್ಲ, ಹಾಗಾಗಿ ಕಾರ್ಬನ್-14 ಪರೀಕ್ಷೆ ಅದಕ್ಕೆ ನಡೆಯದು. ಬಂಡೆಯ ಬುಡದಲ್ಲಿ ಹೂತ ಮರಳಕಣ ಕಡೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಅಳೆದು, ಸುತ್ತಿ ಬಳಸಿ ಅಂದಾಜು ಮಾಡಬೇಕು. ಗುಂಡುತಲೆಗಳು ಎಷ್ಟು ಹಳೆಯವು ಎಂಬ ಜಗಳ ಅದಕ್ಕೇ ಇನ್ನೂ ಮುಗಿದಿಲ್ಲ.

ಹಸಿರು ಕಾಲದ ಜೀವಂತ ಪಳೆಯುಳಿಕೆಯೂ ಇಲ್ಲಿದೆ: ಬೇರೆಲ್ಲೂ ಸಹಜವಾಗಿ ಬೆಳೆಯದ ಒಂದು ಜಾತಿಯ ಸೈಪ್ರೆಸ್ ಮರ. ಎಣಿಕೆಗೆ ಸಿಕ್ಕಿರುವುದು 233 ಮಾತ್ರ. ಕೆಲವಕ್ಕೆ 2,000 ವರ್ಷ ದಾಟಿದೆ. ವಿಚಿತ್ರವೆಂದರೆ, ಇದರ ಬೀಜದೊಳಗಿನ ಭ್ರೂಣ ಪರಾಗದಿಂದಷ್ಟೇ ಬೆಳೆಯುತ್ತದೆ. ತಾಯಿಮರದ್ದು ಸಾಕುವ ಕೆಲಸ ಮಾತ್ರ.

ಟಾಸಿಲಿಗೆ ಲೋಕಪ್ರಸಿದ್ಧಿ ತಂದವರು ಫ್ರಾನ್ಸಿನ ಆನ್ರಿ ಲೋಟ್. 1956ರಲ್ಲಿ ಅವರು ಕಲಾವಿದರ ತಂಡ ಕಟ್ಟಿಕೊಂಡು ಬಂದು ನೂರಾರು ಚಿತ್ರಗಳನ್ನು ನಕಲು ಮಾಡಿಸಿದರು. ಜಬ್ಬರೆನ್‌ನ ದೈತ್ಯಾಕಾರದ ಒಂದು ಗುಂಡುತಲೆಗೆ ಮಂಗಳ ಗ್ರಹದ ದೇವರೆಂದು ಹೆಸರಿಟ್ಟರು. ಹಾರುವ ತಟ್ಟೆಯ ಭಕ್ತರಿಗೆ ಅಷ್ಟೇ ಸಾಕಾಯಿತು, ಎರಿಕ್ ಫಾನ್ ಡೆನಿಕನ್‌ನಂಥವರು ಅದನ್ನು ಅನ್ಯಗ್ರಹ ಜೀವಿಯೆಂದೇ ಸಾರಿದರು. ಆ ಹುಚ್ಚಿನಿಂದ ಬಂಡೆಗೇನೂ ನಷ್ಟವಾಗಲಿಲ್ಲ. ನಷ್ಟವಾದದ್ದು ನೀರಿನಿಂದ. ಮಸುಕಾದ ಬಣ್ಣ ಎದ್ದು ಕಾಣಲಿ ಎಂದು ಲೋಟ್ ತಂಡ ಸ್ಪಂಜಿನಿಂದ ಗೋಡೆ ಒರೆಸಿತು. ಆಮೇಲೆ ಬಂದ ಪ್ರವಾಸಿಗರೂ ಅದನ್ನೇ ಕಲಿತರು. ಸಾವಿರಾರು ವರ್ಷಗಳ ಬರ ಕಾಪಾಡಿದ್ದ ಬಣ್ಣಗಳು ಕೆಲವೇ ದಶಕಗಳಲ್ಲಿ ಮಂಕಾದವು. ನನ್ನ ಲೆಕ್ಕದಲ್ಲಿ ಲೋಟ್‌ಗೆ ಸಲ್ಲಬೇಕಾದ ಕೀರ್ತಿಯಷ್ಟೇ ಈ ದೂರೂ ಸಲ್ಲಬೇಕು.

ಹೋಗುವ ಮನಸ್ಸಿದ್ದರೆ ಚಳಿಗಾಲ ನೋಡಿಕೊಂಡು, ಸ್ಥಳೀಯ ದಾರಿಗಾರರ ಜೊತೆಯಲ್ಲೇ ಹೋಗಿ. ಕುಡಿಯುವ ನೀರು ಧಾರಾಳವಾಗಿರಲಿ. ಚಿತ್ರದ ಮುಂದೆ ನಿಂತಾಗ ಮಾತ್ರ ಬಾಟಲಿಯ ಮುಚ್ಚಳ ತೆಗೆಯಬೇಡಿ.