ಕುಲೆ ಮದುವೆ

ಕುಲೆ ಮದುವೆಯು ಅವಿವಾಹಿತರಾಗಿ ತೀರಿಕೊಂಡ ಇಬ್ಬರಿಗೆ ಅವರ ಕುಟುಂಬದವರು ನೆರವೇರಿಸುವ ವಿವಾಹ. ತುಳುವಿನಲ್ಲಿ ‘ಕುಲೆ’ ಎಂದರೆ ಸತ್ತವರ ಆತ್ಮ. ಉಡುಪಿ, ದಕ್ಷಿಣ ಕನ್ನಡ ಹಾಗೂ ಕಾಸರಗೋಡು ಜಿಲ್ಲೆಗಳನ್ನೊಳಗೊಂಡ ತುಳುನಾಡಿನ ಕೆಲವು ಸಮುದಾಯಗಳಲ್ಲಿ ಈ ಆಚರಣೆ ಇದೆ.

ಪ್ರಾಚೀನ ಈಜಿಪ್ಟಿನವರು ಮರಣಾನಂತರದ ಬದುಕಿಗೆ ದೇಹ ಬೇಕೆಂದು ನಂಬಿ, ಶವವನ್ನು ನೇಟ್ರಾನ್ ಲವಣದಲ್ಲಿ ಒಣಗಿಸಿ, ನಾರುಬಟ್ಟೆ ಸುತ್ತಿ ಮಮ್ಮಿಯಾಗಿಸುತ್ತಿದ್ದರು. ತುಳುವರಲ್ಲಿ ದಹನವೇ ಸಾಮಾನ್ಯ. ದೇಹ ಉಳಿಯದಿದ್ದರೂ ಸತ್ತವರು ಮನೆಯವರಾಗಿಯೇ ಉಳಿಯುತ್ತಾರೆ. ಆಟಿ ತಿಂಗಳಲ್ಲಿ ಅವರಿಗೆ ಎಲೆ ಹಾಕಿ ಬಡಿಸುತ್ತಾರೆ. ಎಳವೆಯಲ್ಲಿ ಸತ್ತ ಮಗುವೂ ಕುಲೆಯಾಗಿ ಬೆಳೆದು ಮದುವೆಯ ವಯಸ್ಸಿಗೆ ಬರುತ್ತದೆ ಎಂಬ ನಂಬಿಕೆಯಿದೆ. ಬದುಕಿರುವ ಮಕ್ಕಳಿಗೆ ಸಂಬಂಧ ಕೂಡಿಬರದಿದ್ದಾಗ, ತೀರಿಕೊಂಡ ಅಣ್ಣನದೋ ಅಕ್ಕನದೋ ಮದುವೆ ಬಾಕಿಯಿದೆ ಎಂದು ಜೋತಿಷಿಗಳ ಪ್ರಶ್ನೆಯಲ್ಲಿ ಕಂಡುಬರುವುದುಂಟು.

ಸಂಬಂಧ ನೋಡುವ ಕ್ರಮ ಬದುಕಿರುವವರದ್ದೇ. ಜಾತಿ ಒಂದೇ ಆಗಿರಬೇಕು. ತಾಯಿಯ ಕಡೆಯಿಂದ ಬರುವ, ಗೋತ್ರದಂತಹ ‘ಬರಿ’ ಬೇರೆಯಾಗಿರಬೇಕು. ಒಪ್ಪಿಗೆಯಾಗದೆ ಸಂಬಂಧ ಮುರಿಯುವುದೂ ಇದೆ. ಮದುವೆಯ ದಿನ ಖಾಲಿ ಆಸನಗಳ ಮೇಲೆ ವಧೂವರರ ಉಡುಪುಗಳನ್ನಿಟ್ಟು, ವರನ ಕಡೆಯವರು ತಂದ ಸೀರೆಯನ್ನು ವಧುವಿಗೆ ಒಪ್ಪಿಸಿ ಧಾರೆ ನಡೆಸುತ್ತಾರೆ. ಬಳಿಕ ಮೀನು, ಕೋಳಿಯ ಊಟ. ಮಕ್ಕಳು ಹಾಗೂ ಅವಿವಾಹಿತರು ಇದನ್ನು ನೋಡುವಂತಿಲ್ಲ.

1932ರ ‘ದಿ ಮಮ್ಮಿ’ಯಂತಹ ಚಲನಚಿತ್ರಗಳು ಮಮ್ಮಿಯನ್ನು ಭಯದ ವಸ್ತುವಾಗಿಸಿದವು. ‘ಪ್ರೇತ ಮದುವೆ’ ಎಂಬ ಹೆಸರಿನಿಂದ ಕುಲೆ ಮದುವೆಯೂ ಹೊರಗಿನವರಿಗೆ ಹಾಗೆಯೇ ತೋರಬಹುದು; ಆಚರಿಸುವವರಿಗೆ ಅದು ಮಗಳಿಗೋ ಮಗನಿಗೋ ಸಲ್ಲಬೇಕಾದ ಕರ್ತವ್ಯ. 2024ರಲ್ಲಿ ಪುತ್ತೂರಿನ ಕುಟುಂಬವೊಂದು ಸುಮಾರು 30 ವರ್ಷಗಳ ಹಿಂದೆ ಶಿಶುವಾಗಿದ್ದಾಗಲೇ ತೀರಿಕೊಂಡಿದ್ದ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ನೀಡಿತು. ಅದಕ್ಕೆ ಹಲವರು ಕರೆ ಮಾಡಿದರು.